.22 ರಿಮ್‌ಫೈರ್ ರೈಫಲ್: ಕೃಷಿ ಕುಟುಂಬಗಳು ತಿಳಿದಿರಬೇಕಾದ ಉಪಯೋಗ, ಕಾನೂನು ಮತ್ತು ಸುರಕ್ಷತಾ ಕ್ರಮಗಳು

ಪೀಠಿಕೆ

ಮಲೆನಾಡು ಹಾಗೂ ಕೊಡಗಿನ ಅನೇಕ ತೋಟದ ಮನೆಗಳಲ್ಲಿ ಕೋವಿಯು ಕತ್ತಿ, ಹಾರೆಗಳಂತೆಯೇ ಮನೆತನದ ಸ್ವತ್ತಾಗಿದೆ. ಇವುಗಳಲ್ಲಿ ಬಹುಪಾಲು ಕೇಪಿನ ಕೋವಿಗಳು ಅಥವಾ 12 ಬೋರ್ ತೋಟಾಕೋವಿಗಳು. ಕೆಲವು ಮನೆಗಳಲ್ಲಿ ಮಾತ್ರ ಹಗುರವಾದ, ಸಣ್ಣ ನಳಿಕೆಯ .22 ರೈಫಲ್ ಇರುತ್ತದೆ. ಬೆಲೆ ಕಡಿಮೆ, ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೆನ್ನುವಷ್ಟು ಅಲ್ಪ. ಈ ಕಾರಣಗಳಿಂದ ಕಾಡುಹಂದಿ, ಕೋತಿ, ಪಕ್ಷಿಗಳ ಕಾಟಕ್ಕೆ ಇದೇ ತಕ್ಕ ಸಾಧನವೆಂದು ಹಲವರು ಭಾವಿಸುತ್ತಾರೆ. ಅಂತರ್ಜಾಲದಲ್ಲಿ ಹೊರದೇಶಗಳ ರೈತರು ಇಂಥ ರೈಫಲ್‌ನಿಂದ ಮೊಲ, ಅಳಿಲುಗಳನ್ನು ಹೊಡೆಯುವ ದೃಶ್ಯಗಳು ಈ ಭಾವನೆಯನ್ನು ಇನ್ನಷ್ಟು ಬಲಪಡಿಸಿವೆ.

ವಾಸ್ತವವಾಗಿ .22 ರೈಫಲ್ ಗಾತ್ರದಲ್ಲಿ ಸಣ್ಣದೇ ಹೊರತು ಅಪಾಯದಲ್ಲಿ ಸಣ್ಣದಲ್ಲ. ಭಾರತದ ಕಾನೂನು ಇದನ್ನು ಗುರಿ ಅಭ್ಯಾಸದ ಆಯುಧವೆಂದು ಹೆಸರಿಸಿದೆಯೇ ಹೊರತು ಬೆಳೆ ರಕ್ಷಣೆಯ ಆಯುಧವೆಂದು ಅಲ್ಲ. ಈ ವ್ಯತ್ಯಾಸವನ್ನು ಅರಿಯದೆ ಹಾರಿಸಿದ ಒಂದು ಗುಂಡು ನೆರೆಯವರ ಪ್ರಾಣಕ್ಕೂ, ಹಾರಿಸಿದವರ ಸ್ವಾತಂತ್ರ್ಯಕ್ಕೂ ಕುತ್ತಾಗಬಹುದು. ಆದುದರಿಂದ ಈ ರೈಫಲ್‌ನ ಸ್ವರೂಪ, ಪರವಾನಗಿ, ಯೋಗ್ಯ ಬಳಕೆ ಮತ್ತು ನಿರ್ವಹಣೆಯ ಬಗ್ಗೆ ಅವಶ್ಯಕ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ರಿಮ್‌ಫೈರ್ ಎಂದರೇನು?

ತೋಟಾದ ತಳದಲ್ಲಿ ಕಿಡಿ ಹುಟ್ಟಿಸುವ ಮದ್ದು ಎಲ್ಲಿದೆ ಎಂಬುದರ ಮೇಲೆ ತೋಟಾಗಳನ್ನು ಎರಡು ಬಗೆಯಾಗಿ ವಿಂಗಡಿಸಲಾಗುತ್ತದೆ. 12 ಬೋರ್ ಮತ್ತು .315 ತೋಟಾಗಳಲ್ಲಿ ಕಿಡಿಮದ್ದಿನ ಕೇಪು ತಳದ ನಡುವಿನಲ್ಲಿರುತ್ತದೆ. ಇವು ಸೆಂಟರ್‌ಫೈರ್ ತೋಟಾಗಳು. .22 ತೋಟಾದಲ್ಲಿ ಪ್ರತ್ಯೇಕ ಕೇಪು ಇರುವುದಿಲ್ಲ. ಕಿಡಿಮದ್ದನ್ನು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ತುಂಬಲಾಗಿರುತ್ತದೆ. ರೈಫಲ್‌ನ ಮೊಳೆಯು ಅಂಚಿಗೆ ಬಡಿದಾಗ ತೆಳುವಾದ ಲೋಹ ಜಜ್ಜಿ ಕಿಡಿ ಹೊತ್ತಿಕೊಳ್ಳುತ್ತದೆ. ಅಂಚಿನಲ್ಲಿ ಹೊತ್ತುವುದರಿಂದಲೇ ಇದಕ್ಕೆ ರಿಮ್‌ಫೈರ್ ಎಂಬ ಹೆಸರು.

ಈ ತತ್ವವನ್ನು 1840ರ ದಶಕದಲ್ಲಿ ಫ್ರಾನ್ಸಿನ ಲೂಯಿ ನಿಕೋಲಾ ಫ್ಲೋಬೇರ್ ಬಳಕೆಗೆ ತಂದರು. ಇಂದು ಎಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾ 1887ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಇದರ ಸೀಸದ ಗುಂಡಿನ ಅಡ್ಡಳತೆ ಸುಮಾರು 5.7 ಮಿ.ಮೀ., ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ನಳಿಕೆಯ ಒಳಗಿನ ಸುರುಳಿ ಗೀರುಗಳು ಗುಂಡನ್ನು ತಿರುಗಿಸುತ್ತಾ ಹೊರಡಿಸುವುದರಿಂದ ಅದು ಗುರಿಯತ್ತ ಸ್ಥಿರವಾಗಿ ಸಾಗುತ್ತದೆ. ಬೆಳೆ ರಕ್ಷಣೆಯ ಕೋವಿಗಳಲ್ಲಿ ಈ ಗೀರುಗಳಿರುವುದಿಲ್ಲ. ಅವು ನುಣುಪು ನಳಿಕೆಯವು. ಕಾನೂನಿನ ದೃಷ್ಟಿಯಿಂದ ಇದು ಬಹುಮುಖ್ಯ ವ್ಯತ್ಯಾಸ.

ಶಕ್ತಿ ಎಷ್ಟು, ದೂರ ಎಷ್ಟು?

ಕೆಳಗಿನ ಅಂಕಿಗಳು ತೋಟಾದ ತಯಾರಿಕೆಗೆ ಅನುಗುಣವಾಗಿ ತುಸು ಬದಲಾಗುತ್ತವೆ. ಹೋಲಿಕೆಗಾಗಿ ಮಾತ್ರ ಪರಿಗಣಿಸಿರಿ.

- ಪರವಾನಗಿ ಬೇಡದ ಸಾಮಾನ್ಯ ಏರ್‌ಗನ್ (.177): ನಳಿಕೆಯ ಬಾಯಲ್ಲಿ ಶಕ್ತಿ 20 ಜೌಲ್‌ಗಿಂತ ಕಡಿಮೆ.
- .22 ಲಾಂಗ್ ರೈಫಲ್: ವೇಗ ಸೆಕೆಂಡಿಗೆ ಸುಮಾರು 320 ರಿಂದ 380 ಮೀಟರ್, ಶಕ್ತಿ ಸುಮಾರು 140 ರಿಂದ 190 ಜೌಲ್.
- 12 ಬೋರ್ ತೋಟಾ: ಎಲ್ಲ ಚರೆಗಳೂ ಸೇರಿ .22ರ ಹತ್ತು ಪಟ್ಟಿಗೂ ಅಧಿಕ ಶಕ್ತಿ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, .22 ರೈಫಲ್ ಆಟಿಕೆಯ ಏರ್‌ಗನ್ ಅಲ್ಲ. ಅದರ ಗುಂಡು ಮನುಷ್ಯರನ್ನು ಕೊಲ್ಲಬಲ್ಲದು. ಎರಡನೆಯದಾಗಿ, ಕಾಡುಹಂದಿಯಂತಹ ದಪ್ಪ ಚರ್ಮದ, ಗಟ್ಟಿ ಮೂಳೆಯ ಪ್ರಾಣಿಯನ್ನು ತಕ್ಷಣ ಉರುಳಿಸುವ ಶಕ್ತಿ ಇದಕ್ಕಿಲ್ಲ. ಗಾಯಗೊಂಡ ಹಂದಿ ಪೊದೆ ಸೇರುತ್ತದೆ. ಮರುದಿನ ಸೊಪ್ಪಿಗೋ ಸೌದೆಗೋ ಹೋದವರ ಮೇಲೆ ಎರಗುತ್ತದೆ.

ದೂರದ ವಿಷಯದಲ್ಲಿ ಇನ್ನೂ ಹೆಚ್ಚಿನ ತಪ್ಪು ಕಲ್ಪನೆಯಿದೆ. 50 ಮೀಟರಿಗೆ ಗುರಿ ಹೊಂದಿಸಿದ ರೈಫಲ್‌ನ ಗುಂಡು 100 ಮೀಟರ್ ತಲುಪುವಷ್ಟರಲ್ಲಿ ಸುಮಾರು 15 ರಿಂದ 20 ಸೆಂ.ಮೀ. ಕೆಳಗಿಳಿದಿರುತ್ತದೆ. ಹಾಗಾಗಿ ನಿಖರವಾಗಿ ಹೊಡೆಯಬಲ್ಲ ದೂರ ಕಡಿಮೆ. ಆದರೆ ನಳಿಕೆಯನ್ನು ಮೇಲಕ್ಕೆತ್ತಿ ಹಾರಿಸಿದಾಗ ಅದೇ ಗುಂಡು ಸುಮಾರು ಒಂದೂವರೆ ಕಿಲೋಮೀಟರ್‌ವರೆಗೆ ಹೋಗಬಲ್ಲದು. 12 ಬೋರಿನ ಸಣ್ಣ ಚರೆಗಳು ಕೆಲವು ನೂರು ಮೀಟರ್‌ಗಳೊಳಗೆ ಬಿದ್ದುಹೋಗುತ್ತವೆ; .22 ಗುಂಡು ಹಾಗಲ್ಲ. ಅಡಿಕೆ ಮರದ ತುದಿಯಲ್ಲಿರುವ ಕೋತಿಗೆ ಗುರಿಯಿಟ್ಟು ತಪ್ಪಿದ ಗುಂಡು ತೋಟ, ಗದ್ದೆ, ರಸ್ತೆಗಳನ್ನು ದಾಟಿ ಪಕ್ಕದ ಊರಿನ ಅಂಗಳಕ್ಕೆ ಇಳಿಯಬಹುದು.

ಇದರ ಮೃದುವಾದ, ಗುಂಡನೆಯ ಮೂತಿಯ ಸೀಸದ ಗುಂಡು ಕಲ್ಲು, ಗಟ್ಟಿನೆಲ ಮತ್ತು ನೀರಿನ ಮೇಲ್ಮೈಗೆ ಓರೆಯಾಗಿ ತಾಗಿದಾಗ ಪುಟಿದು ದಿಕ್ಕು ಬದಲಿಸುವ ಸ್ವಭಾವದ್ದು. ಕೆರೆ, ಕೃಷಿಹೊಂಡ, ತುಂಬಿದ ಗದ್ದೆ, ಕಲ್ಲುಪಾಗಾರಗಳತ್ತ ಎಂದಿಗೂ ಹಾರಿಸಬಾರದು.

ಕಾನೂನಿನಲ್ಲಿ .22 ರೈಫಲ್‌ನ ಸ್ಥಾನ

ಭಾರತದಲ್ಲಿ ಬಂದೂಕುಗಳ ಸ್ವಾಧೀನಕ್ಕೆ ಶಸ್ತ್ರಾಸ್ತ್ರ ಕಾಯ್ದೆ, 1959 ಮತ್ತು ಶಸ್ತ್ರಾಸ್ತ್ರ ನಿಯಮಗಳು, 2016 ಅನ್ವಯವಾಗುತ್ತವೆ. ರೈತರು ಗಮನಿಸಬೇಕಾದ ಮುಖ್ಯ ಅಂಶಗಳು ಇಂತಿವೆ.

1. ಕಾಯ್ದೆಯ 3ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಯಾವುದೇ ಬಂದೂಕನ್ನು ಪಡೆಯುವುದಾಗಲಿ, ಇಟ್ಟುಕೊಳ್ಳುವುದಾಗಲಿ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 2 ವರ್ಷಗಳಿಂದ 5 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ದಂಡವಿದೆ. .22 ರೈಫಲ್ ಸಣ್ಣದೆಂಬ ಕಾರಣಕ್ಕೆ ರಿಯಾಯಿತಿ ಇಲ್ಲ.

2. ಬೆಳೆ ರಕ್ಷಣೆಗಾಗಿ 13ನೇ ಕಲಂ ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ, ಕನಿಷ್ಠ 20 ಅಂಗುಲ ನಳಿಕೆಯ ಬೇರೆ ನುಣುಪು ನಳಿಕೆಯ ಕೋವಿಗೆ ಪರವಾನಗಿ ನೀಡಬಹುದು. ಪರವಾನಗಿ ಪುಸ್ತಕದಲ್ಲಿ ಕಾಣುವ ಎಸ್.ಬಿ.ಎಂ.ಎಲ್., ಎಸ್.ಬಿ.ಬಿ.ಎಲ್., ಡಿ.ಬಿ.ಬಿ.ಎಲ್. ಎಂಬ ಸಂಕ್ಷಿಪ್ತಗಳು ಕ್ರಮವಾಗಿ ಕೇಪಿನ ಒಂಟಿ ನಳಿಕೆ, ತೋಟಾದ ಒಂಟಿ ನಳಿಕೆ ಮತ್ತು ತೋಟಾದ ಜೋಡಿ ನಳಿಕೆಯ ಕೋವಿಗಳನ್ನು ಸೂಚಿಸುತ್ತವೆ.

3. ಅದೇ ಕಲಮಿನಲ್ಲಿ .22 ಬೋರ್ ರೈಫಲ್‌ನ ಹೆಸರು ಬರುವುದು ಗುರಿ ಅಭ್ಯಾಸಕ್ಕಾಗಿ. ಅದೂ ಕೇಂದ್ರ ಸರ್ಕಾರದಿಂದ ಪರವಾನಗಿ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ ಇಲ್ಲವೆ ರೈಫಲ್ ಸಂಘದ ಸದಸ್ಯರಿಗೆ. ಇತರ ಉದ್ದೇಶಕ್ಕೆ .22 ರೈಫಲ್ ಬೇಕಿದ್ದಲ್ಲಿ ಸಕಾರಣವನ್ನು ಪ್ರಾಧಿಕಾರದ ಮುಂದೆ ಸ್ಥಾಪಿಸಬೇಕು. ಪರವಾನಗಿ ನೀಡುವುದು ಅವರ ವಿವೇಚನೆಗೆ ಒಳಪಟ್ಟದ್ದು.

4. 2019ರ ತಿದ್ದುಪಡಿಯಂತೆ ಒಬ್ಬ ವ್ಯಕ್ತಿ ಗರಿಷ್ಠ 2 ಬಂದೂಕುಗಳನ್ನು ಮಾತ್ರ ಹೊಂದಬಹುದು. ವಾರಸಾಗಿ ಬಂದದ್ದೂ ಈ ಲೆಕ್ಕಕ್ಕೆ ಸೇರುತ್ತದೆ. ಗುರಿ ಅಭ್ಯಾಸಕ್ಕೆ .22 ರೈಫಲ್ ಬಳಸುವ ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯರಿಗೆ ಈ ಮಿತಿ ಅನ್ವಯಿಸುವುದಿಲ್ಲ.

5. ಪರವಾನಗಿಯ ಅವಧಿ 5 ವರ್ಷ. ಅವಧಿ ಮುಗಿಯುವ ಮುನ್ನವೇ ನವೀಕರಣಕ್ಕೆ ಅರ್ಜಿ ಸಲ್ಲಿಸಬೇಕು.

6. ಮದುವೆ, ಜಾತ್ರೆ, ಗೃಹಪ್ರವೇಶಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತಂದಲ್ಲಿ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಪರವಾನಗಿಯಲ್ಲಿ ನಮೂದಿಸಿದ ಉದ್ದೇಶ, ಪ್ರದೇಶ ಮತ್ತು ತೋಟಾಗಳ ಸಂಖ್ಯೆಯನ್ನು ಮೀರುವುದು ಷರತ್ತಿನ ಉಲ್ಲಂಘನೆ. ಗುರಿ ಅಭ್ಯಾಸಕ್ಕೆಂದು ಪಡೆದ ರೈಫಲನ್ನು ಹೊಲದ ಕಾವಲಿಗೆ ಒಯ್ಯುವುದು ಇದೇ ಬಗೆಯ ತಪ್ಪು.

ಕೊಡಗಿನ ವಿಶೇಷ ವಿನಾಯಿತಿ

ಕೊಡವ ಜನಾಂಗದವರಿಗೆ ಹಾಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಕಾಯ್ದೆಯ 41ನೇ ಕಲಂ ಅಡಿಯಲ್ಲಿ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರವು 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು. ಈ ವಿನಾಯಿತಿ ಷರತ್ತುಗಳಿಗೆ ಒಳಪಟ್ಟದ್ದು. ಜಿಲ್ಲೆಯ ಹೊರಗೆ ಕೋವಿ ಒಯ್ಯುವಾಗ ಮಿತಿಗಳಿವೆ. ವಿನಾಯಿತಿ ಪತ್ರವನ್ನು ಪಡೆದು ಜೊತೆಯಲ್ಲಿರಿಸಿಕೊಳ್ಳಿರಿ. ಇದು ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯೇ ಹೊರತು ಬೇಟೆಗೆ ಅನುಮತಿಯಲ್ಲ ಎಂಬುದನ್ನು ಮರೆಯಬಾರದು. ವನ್ಯಜೀವಿ ಕಾಯ್ದೆ ಕೊಡಗಿಗೂ ಸಮಾನವಾಗಿ ಅನ್ವಯಿಸುತ್ತದೆ.

ಪರವಾನಗಿ ಪಡೆಯುವ ಕ್ರಮ

ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಪ್ರಾಧಿಕಾರಿಗಳಾಗಿರುತ್ತಾರೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಸಾಮಾನ್ಯವಾಗಿ ಅನುಸರಿಸಬೇಕಾದ ಹಂತಗಳು ಹೀಗಿವೆ.

- ನಿಗದಿತ ನಮೂನೆಯಲ್ಲಿ ಅರ್ಜಿ, ಗುರುತು ಮತ್ತು ವಿಳಾಸದ ದಾಖಲೆಗಳು, ಭಾವಚಿತ್ರಗಳು ಹಾಗೂ ವೈದ್ಯಕೀಯ ಪ್ರಮಾಣಪತ್ರ.
- ಬೆಳೆ ರಕ್ಷಣೆಯ ಕೋವಿಗೆ: ಜಮೀನಿನ ಪಹಣಿ, ಬೆಳೆಯ ವಿವರ ಮತ್ತು ವನ್ಯಪ್ರಾಣಿಗಳಿಂದ ಹಿಂದೆ ಆದ ಹಾನಿಯ ದಾಖಲೆ.
- ಗುರಿ ಅಭ್ಯಾಸದ .22 ರೈಫಲ್‌ಗೆ: ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ಸಂಘದ ಸದಸ್ಯತ್ವದ ಪತ್ರ.
- ಶಸ್ತ್ರ ಸುರಕ್ಷತಾ ತರಬೇತಿ ಪಡೆದ ಪ್ರಮಾಣಪತ್ರ ಮತ್ತು ಆಯುಧವನ್ನು ಸುರಕ್ಷಿತವಾಗಿ ಇಡುವುದಾಗಿ ಮುಚ್ಚಳಿಕೆ.
- ಪೊಲೀಸ್ ಠಾಣೆಯ ವರದಿ ಬಂದ ನಂತರ ಪ್ರಾಧಿಕಾರದ ತೀರ್ಮಾನ. ನಿರಾಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ಕೋರಿ, ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ರೈಫಲನ್ನು ಪರವಾನಗಿ ಪಡೆದ ವ್ಯಾಪಾರಿಯಿಂದಲೇ ಖರೀದಿಸಿರಿ. ಖಾಸಗಿಯಾಗಿ ಹಳೆಯ ರೈಫಲ್ ಕೊಳ್ಳುವುದಾದರೆ ಮಾರುವವರು ಮುಂಚಿತವಾಗಿ ಪ್ರಾಧಿಕಾರಕ್ಕೆ ಲಿಖಿತ ತಿಳಿವಳಿಕೆ ನೀಡಿರಬೇಕು, ಕೊಳ್ಳುವವರ ಬಳಿ ಆ ಆಯುಧಕ್ಕೆ ಪರವಾನಗಿ ಇರಬೇಕು. ಬಿಲ್ಲು, ಆಯುಧದ ಕ್ರಮಸಂಖ್ಯೆ ಮತ್ತು ಪರವಾನಗಿ ಪುಸ್ತಕದ ನಮೂದು ಮೂರೂ ಒಂದೇ ಆಗಿವೆಯೇ ಎಂದು ಸ್ಥಳದಲ್ಲಿಯೇ ತಾಳೆ ನೋಡಿರಿ.

ಹೊಲ-ತೋಟದ ನಿತ್ಯ ಸಂದರ್ಭಗಳಲ್ಲಿ ಬಳಸಬಹುದೇ?

ಹೊರದೇಶಗಳ ಉದಾಹರಣೆಯನ್ನು ಅನುಸರಿಸುವ ಮುನ್ನ ಅಲ್ಲಿನ ಸ್ಥಿತಿಯನ್ನು ಅರಿಯಬೇಕು. ಆಸ್ಟ್ರೇಲಿಯಾದಲ್ಲಿ ಮೊಲ ಹೊರಗಿನಿಂದ ಬಂದ ಪ್ರಾಣಿ; 1859ರಲ್ಲಿ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಬೇಟೆಗೆಂದು ಬಿಟ್ಟ ಕೆಲವೇ ಮೊಲಗಳು ಖಂಡವನ್ನೇ ಆವರಿಸಿ ಹುಲ್ಲುಗಾವಲುಗಳನ್ನು ನಾಶಮಾಡಿದವು. ಅಲ್ಲಿ ಅದನ್ನು ಪೀಡೆಯೆಂದು ಪರಿಗಣಿಸಲಾಗಿದ್ದು, ಪರವಾನಗಿ ಹೊಂದಿದ ರೈತರು .22 ರೈಫಲ್‌ನಿಂದ ಹೊಡೆಯುತ್ತಾರೆ. ನಮ್ಮ ಕಾಡುಮೊಲ ಈ ನೆಲದ ಪ್ರಾಣಿ, ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ರಕ್ಷಣೆಗೆ ಒಳಪಟ್ಟದ್ದು. ಅಲ್ಲಿ ಕರ್ತವ್ಯವೆನಿಸಿದ್ದು ಇಲ್ಲಿ ಅಪರಾಧ.

ಕಾಡುಹಂದಿ: 9ನೇ ಕಲಂ ಪ್ರಕಾರ ಬೇಟೆ ನಿಷಿದ್ಧ. ನಿಂತ ಬೆಳೆಗೆ ಅಪಾಯ ಒಡ್ಡುವ ಪ್ರಾಣಿಯ ವಿಷಯದಲ್ಲಿ 11ನೇ ಕಲಂ ಅಡಿಯಲ್ಲಿ ಅಧಿಕೃತ ಅರಣ್ಯಾಧಿಕಾರಿಗಳು ಲಿಖಿತ ಅನುಮತಿ ನೀಡಬಹುದು. ನಿಮ್ಮ ವ್ಯಾಪ್ತಿಯಲ್ಲಿ ಅಂಥ ಆದೇಶ ಜಾರಿಯಲ್ಲಿದೆಯೇ, ಅದರ ಷರತ್ತುಗಳೇನು ಎಂಬುದನ್ನು ವಲಯ ಅರಣ್ಯಾಧಿಕಾರಿಗಳಿಂದ ತಿಳಿಯಿರಿ. ಬಾಯಿಮಾತಿನ ಒಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅನುಮತಿ ಇದ್ದರೂ ಮೇಲೆ ಹೇಳಿದ ಕಾರಣಗಳಿಂದ .22 ರೈಫಲ್ ಈ ಕೆಲಸಕ್ಕೆ ಸೂಕ್ತವಲ್ಲ.

ಕೋತಿ ಮತ್ತು ಮುಸುವ: ಇವು ಸಂರಕ್ಷಿತ ಪ್ರಾಣಿಗಳು. ಮರದ ಮೇಲಿನ ಪ್ರಾಣಿಗೆ ಹಾರಿಸುವುದೆಂದರೆ ಆಕಾಶಕ್ಕೆ ಹಾರಿಸಿದಂತೆ; ಗುಂಡು ಎಲ್ಲಿ ಬೀಳುವುದೆಂದು ಯಾರೂ ಹೇಳಲಾರರು. ಇದಲ್ಲದೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಸತ್ತ ಮಂಗನ ದೇಹವನ್ನು ಬಿಟ್ಟ ಸೋಂಕಿತ ಉಣ್ಣೆಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ತೋಟದಲ್ಲಿ ಮಂಗ ಸತ್ತಿರುವುದು ಕಂಡಲ್ಲಿ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿರಿ.

ನವಿಲು, ಗಿಳಿ ಮತ್ತಿತರ ಪಕ್ಷಿಗಳು: ನವಿಲು ಅನುಸೂಚಿ 1ರಲ್ಲಿದೆ. ಅನುಸೂಚಿ 1ರ ಪ್ರಾಣಿಯನ್ನು ಕೊಂದಲ್ಲಿ 3 ರಿಂದ 7 ವರ್ಷಗಳ ಸೆರೆವಾಸವಿದೆ. ಹೆದರಿಸಲಿಕ್ಕೆಂದು ಗುಂಡು ಹಾರಿಸುವುದೂ ಸಲ್ಲದು. ಹಾರಿದ ಪ್ರತಿಯೊಂದು ಗುಂಡೂ ಎಲ್ಲಿಯಾದರೂ ಬೀಳಲೇಬೇಕು. ಪ್ರತಿಫಲಿಸುವ ಪಟ್ಟಿ, ಬಲೆ, ತಗಡಿನ ಸದ್ದು, ತೆನೆ ಹಾಲುಗಟ್ಟುವ ಅವಧಿಯಲ್ಲಿ ಕಾವಲು ಇವು ಸುರಕ್ಷಿತ.

ಇಲಿ, ಹೆಗ್ಗಣ: ಉಗ್ರಾಣ, ಕೊಟ್ಟಿಗೆ, ಕಣದಲ್ಲಿ .22 ಹಾರಿಸುವುದು ಅತ್ಯಂತ ಅಪಾಯಕಾರಿ. ಕಾಂಕ್ರೀಟು, ಕಬ್ಬಿಣಕ್ಕೆ ತಾಗಿದ ಗುಂಡು ಹಾರಿಸಿದವರತ್ತಲೇ ಪುಟಿಯಬಹುದು. ಬಿಲಗಳನ್ನು ಮುಚ್ಚುವುದು, ಬೋನು, ಶಿಫಾರಸು ಮಾಡಿದ ಇಲಿ ಪಾಷಾಣವನ್ನು ಸಾಮೂಹಿಕವಾಗಿ ಬಳಸುವುದು ಹೆಚ್ಚು ಪರಿಣಾಮಕಾರಿ.

ಬೀದಿನಾಯಿ, ಬೀಡಾಡಿ ದನ: ಇವನ್ನು ಗುಂಡಿಕ್ಕಿ ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಹಾಗೂ ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಅಡಿಯಲ್ಲಿ ಅಪರಾಧ. ಹುಚ್ಚುನಾಯಿಯ ಸಂಶಯವಿದ್ದಲ್ಲಿ ಗ್ರಾಮ ಪಂಚಾಯಿತಿ ಮತ್ತು ಪಶು ಆಸ್ಪತ್ರೆಗೆ ತಿಳಿಸಿರಿ. ವಾಸಿಯಾಗದ ನೋವಿನಲ್ಲಿರುವ ಜಾನುವಾರಿನ ಬಗ್ಗೆ ತೀರ್ಮಾನ ಪಶುವೈದ್ಯರದು.

ಚಿರತೆ, ಕರಡಿ, ಆನೆ: ಇವುಗಳ ಮುಂದೆ .22 ರೈಫಲ್ ರಕ್ಷಣೆಯಲ್ಲ, ಪ್ರಚೋದನೆ. ಸುರಕ್ಷಿತ ಸ್ಥಳಕ್ಕೆ ಸರಿದು ಅರಣ್ಯ ಇಲಾಖೆಗೆ ಅಥವಾ 112ಕ್ಕೆ ಕರೆ ಮಾಡಿರಿ.

ಪ್ರಾಣಿಯ ದಾರಿಗೆ ತಂತಿ ಎಳೆದು ತಾನಾಗಿ ಸಿಡಿಯುವಂತೆ ಕೋವಿ ಕಟ್ಟುವುದು, ಸಿಡಿಮದ್ದಿನ ಉಂಡೆ ಇಡುವುದು, ಬೇಲಿಗೆ ನೇರ ವಿದ್ಯುತ್ ಹರಿಸುವುದು ಇವು ಯಾವ ಸಂದರ್ಭದಲ್ಲಿಯೂ ಕೂಡದು. ಇಂಥ ಬಲೆಗೆ ಪ್ರಾಣಿಗಿಂತ ಮೊದಲು ನೀರು ಕಟ್ಟಲು ಹೋದ ಮನೆಯವರೇ ಸಿಲುಕುವ ಸಂಭವವಿದೆ. ಬೆಳೆಗೆ ಹಾನಿಯಾದಾಗ ಛಾಯಾಚಿತ್ರ ಮತ್ತು ಪಹಣಿಯೊಂದಿಗೆ ತಡಮಾಡದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸಿರಿ. ಸೌರಶಕ್ತಿಯ ಮಿಡಿತದ ಬೇಲಿಯನ್ನು ಅಕ್ಕಪಕ್ಕದ ರೈತರು ಒಟ್ಟಾಗಿ ಹಾಕಿಸಿದಲ್ಲಿ ವೆಚ್ಚವೂ ಕಡಿಮೆಯಾಗುತ್ತದೆ.

ಯೋಗ್ಯ ಬಳಕೆ: ಗುರಿ ಅಭ್ಯಾಸ ಮತ್ತು ಕ್ರೀಡೆ

.22 ರೈಫಲ್ ತನ್ನ ನಿಜವಾದ ಗುಣವನ್ನು ತೋರುವುದು ಗುರಿ ಮೈದಾನದಲ್ಲಿ. ಒದೆತ ಅಲ್ಪವಾದುದರಿಂದ ಹೊಸಬರು ಬೆಚ್ಚದೆ ಕಲಿಯಬಹುದು. ತೋಟಾ ಅಗ್ಗವಾದುದರಿಂದ ಹೆಚ್ಚು ಅಭ್ಯಾಸ ಸಾಧ್ಯ. ಗುಂಡಿನ ದಾರಿ ಸ್ಥಿರವಾದುದರಿಂದ ತಪ್ಪು ರೈಫಲ್‌ನದೋ ಕೈಯದೋ ಎಂಬುದು ಗುರಿಹಾಳೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಉಸಿರನ್ನು ಅರ್ಧ ಬಿಟ್ಟು ಹಿಡಿಯುವುದು, ಟ್ರಿಗರನ್ನು ಎಳೆಯದೆ ಮೆಲ್ಲಗೆ ಒತ್ತುವುದು, ಗುಂಡು ಹೊರಟ ಮೇಲೂ ಕ್ಷಣಕಾಲ ಕದಲದಿರುವುದು ಇವೆಲ್ಲ ಈ ರೈಫಲ್‌ನಿಂದ ಕಲಿಯಬಹುದಾದ ಶಿಸ್ತುಗಳು. ರಾಷ್ಟ್ರೀಯ ಕೆಡೆಟ್ ದಳ, ಅಂದರೆ ಎನ್.ಸಿ.ಸಿ.ಯು ತನ್ನ ಕೆಡೆಟ್‌ಗಳಿಗೆ ಗುರಿ ಕಲಿಸಲು .22 ರೈಫಲನ್ನೇ ಬಳಸುತ್ತದೆ. ಗ್ರಾಮೀಣ ಕಾಲೇಜುಗಳ ವಿದ್ಯಾರ್ಥಿ, ವಿದ್ಯಾರ್ಥಿನಿಯರಿಗೆ ಇದು ಸುಲಭವಾದ ಪ್ರವೇಶದ್ವಾರ.

ಒಲಿಂಪಿಕ್ ಕ್ರೀಡೆಗಳ 50 ಮೀಟರ್ ರೈಫಲ್ ಸ್ಪರ್ಧೆ ನಡೆಯುವುದು ಇದೇ ತೋಟಾದಿಂದ. ಅಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಕೇವಲ 10.4 ಮಿ.ಮೀ.; ಅಂದರೆ 50 ಮೀಟರ್ ದೂರದಿಂದ ಒಂದು ಸಣ್ಣ ಗುಂಡಿಯಷ್ಟು ಗುರಿ. ನಮ್ಮ ಬೆಳಗಾವಿಗೆ ಹೊಂದಿದ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಗ್ರಾಮದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೂರು ಭಂಗಿಗಳ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದರು. ಹಳ್ಳಿಯ ಮಕ್ಕಳಿಗೆ ಈ ಕ್ರೀಡೆ ದೂರದ್ದಲ್ಲ.

ಆಸಕ್ತರು ಕರ್ನಾಟಕ ರಾಜ್ಯ ರೈಫಲ್ ಸಂಘ ಅಥವಾ ಜಿಲ್ಲೆಯ ಮಾನ್ಯತೆ ಪಡೆದ ಕ್ಲಬ್ಬನ್ನು ಸಂಪರ್ಕಿಸಿ, ಮೊದಲು ಏರ್ ರೈಫಲ್‌ನಲ್ಲಿ ಅಭ್ಯಾಸ ಆರಂಭಿಸುವುದು ಸೂಕ್ತ. ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವುದು ಸಂಪ್ರದಾಯ. ಇಂಥ ಸ್ಪರ್ಧೆ ಏರ್ಪಡಿಸುವವರು ಗುರಿಯ ಹಿಂದೆ ಎತ್ತರವಾದ ಮಣ್ಣಿನ ದಿಬ್ಬ, ಬದಿಗಳಲ್ಲಿ ಹಗ್ಗದ ಗಡಿ, ಒಬ್ಬರೇ ನೀಡುವ ಆಜ್ಞೆ ಈ ಮೂರನ್ನು ಖಚಿತಪಡಿಸಿಕೊಳ್ಳಬೇಕು. ದಿಬ್ಬದ ಮಣ್ಣಿನಲ್ಲಿ ಕಲ್ಲುಗಳಿರಬಾರದು.

ತಪ್ಪದೆ ಪಾಲಿಸಬೇಕಾದ ಸುರಕ್ಷತಾ ಕ್ರಮಗಳು

1. ಪ್ರತಿಯೊಂದು ಕೋವಿಯನ್ನೂ ತುಂಬಿದೆಯೆಂದೇ ಭಾವಿಸಿರಿ. ಕೈಗೆ ತೆಗೆದುಕೊಂಡೊಡನೆ ಬೋಲ್ಟ್ ತೆರೆದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿರಿ. ಮ್ಯಾಗಜಿನ್ ತೆಗೆದರೂ ನಳಿಕೆಯಲ್ಲಿ ಒಂದು ತೋಟಾ ಉಳಿದಿರಬಹುದು.
2. ಹಾರಿಸಲು ಉದ್ದೇಶಿಸದ ಯಾವುದರತ್ತಲೂ ನಳಿಕೆ ತಿರುಗಿಸಬಾರದು.
3. ಗುರಿ ನಿಶ್ಚಯವಾಗುವವರೆಗೆ ಬೆರಳು ಟ್ರಿಗರಿನ ಹೊರಗಿರಲಿ.
4. ಗುರಿಯ ಹಿಂದೆ ಏನಿದೆ ಎಂಬುದು ಕಾಣದಿದ್ದರೆ ಹಾರಿಸಬೇಡಿರಿ.
5. ಬೇಲಿ, ಅಗಳು, ಸಂಕ ದಾಟುವಾಗ ತೋಟಾ ತೆಗೆದು ಬೋಲ್ಟ್ ತೆರೆದಿಡಿರಿ.
6. ಮದ್ಯಪಾನ ಮಾಡಿದಾಗ ಅಥವಾ ನಿದ್ದೆ ತರುವ ಔಷಧಿ ಸೇವಿಸಿದಾಗ ಕೋವಿ ಮುಟ್ಟಬಾರದು.
7. .22ರ ಸದ್ದು ಕಡಿಮೆಯೆನಿಸಿದರೂ ಪದೇ ಪದೇ ಕೇಳಿದಲ್ಲಿ ಶ್ರವಣಕ್ಕೆ ಹಾನಿ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಧರಿಸಿರಿ.
8. ಸೀಸದ ಗುಂಡು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟ, ಎಲೆಯಡಿಕೆ ಸೇವಿಸಬಾರದು.

ತೋಟಾ ಸಿಡಿಯದಿದ್ದಾಗ: ರಿಮ್‌ಫೈರ್ ತೋಟಾಗಳಲ್ಲಿ ಕಿಡಿಮದ್ದು ಅಂಚಿನ ಸುತ್ತ ಸಮನಾಗಿ ಹರಡದಿದ್ದರೆ ಕೆಲವೊಮ್ಮೆ ಸಿಡಿಯುವುದಿಲ್ಲ, ಅಥವಾ ತಡವಾಗಿ ಸಿಡಿಯುತ್ತದೆ. ಟ್ರಿಗರ್ ಒತ್ತಿ ಸದ್ದು ಬಾರದಿದ್ದಲ್ಲಿ ನಳಿಕೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ನಂತರ ಬೋಲ್ಟ್ ತೆರೆಯಿರಿ. ಸದ್ದು ಎಂದಿಗಿಂತ ಕ್ಷೀಣವಾಗಿ ಬಂದಲ್ಲಿ ಗುಂಡು ನಳಿಕೆಯೊಳಗೇ ಸಿಲುಕಿರಬಹುದು. ಎರಡನೆಯ ಗುಂಡು ಹಾರಿಸಿದರೆ ನಳಿಕೆ ಸೀಳುತ್ತದೆ. ಕೂಡಲೇ ನಿಲ್ಲಿಸಿ, ನಳಿಕೆ ತೆರವಾಗಿದೆಯೇ ಎಂದು ಪರೀಕ್ಷಿಸಿರಿ.

ಖಾಲಿ ರೈಫಲ್‌ನ ಟ್ರಿಗರ್ ಒತ್ತಿ ಆಡುವ ಅಭ್ಯಾಸ ಬೇಡ. ತೋಟಾ ಇಲ್ಲದಿರುವಾಗ ಮೊಳೆಯು ನಳಿಕೆಯ ಅಂಚಿಗೇ ಬಡಿದು ಹಲವು ರೈಫಲ್‌ಗಳಲ್ಲಿ ಎರಡಕ್ಕೂ ಹಾನಿಯಾಗುತ್ತದೆ.

ಶೇಖರಣೆ ಮತ್ತು ನಿರ್ವಹಣೆ

ರೈಫಲನ್ನು ಗೋಡೆಗೆ ಭದ್ರಪಡಿಸಿದ ಕಬ್ಬಿಣದ ಪೆಟ್ಟಿಗೆಯಲ್ಲಿ, ತೋಟಾಗಳನ್ನು ಬೇರೆ ಬೀಗದಲ್ಲಿ ಇಡಬೇಕು. ಬೋಲ್ಟ್ ತೆಗೆದು ಬೇರೆಡೆ ಇಡುವುದು ಇನ್ನೂ ಉತ್ತಮ. ಅಟ್ಟ, ಬಾಗಿಲ ಮೂಲೆ, ಮಂಚದ ಕೆಳಭಾಗ ಮಕ್ಕಳಿಗೆ ತಿಳಿಯದ ಜಾಗಗಳಲ್ಲ. ಬೀಗದ ಕೈ ಪರವಾನಗಿದಾರರ ಬಳಿಯೇ ಇರಲಿ. ಮನೆಯಲ್ಲಿ ಸಾಲದ ಒತ್ತಡ, ಬೆಳೆ ನಷ್ಟ, ಜಗಳ ಅಥವಾ ಖಿನ್ನತೆಯಿಂದ ನೊಂದವರಿದ್ದಲ್ಲಿ ಸ್ವಲ್ಪ ಕಾಲ ಆಯುಧವನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡುವುದು ವಿವೇಕದ ಕ್ರಮ. ಆ ಕೆಲವು ವಾರಗಳ ದೂರ ಒಂದು ಜೀವವನ್ನು ಉಳಿಸಬಲ್ಲದು. ಮಾನಸಿಕ ಆರೋಗ್ಯದ ನೆರವಿಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಮಲೆನಾಡಿನ ಮಳೆಗಾಲ ರೈಫಲ್‌ಗೆ ಪರೀಕ್ಷೆಯ ಕಾಲ. ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ತೇವ ಹೀರಿ ತುಕ್ಕು ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಹದಿನೈದು ದಿನಗಳಿಗೊಮ್ಮೆ ಒರೆಸಿ ತೆಳುವಾಗಿ ಬಂದೂಕಿನ ಎಣ್ಣೆ ಹಚ್ಚಿರಿ. ತೆಂಗಿನೆಣ್ಣೆ, ಹರಳೆಣ್ಣೆ ಬೇಡ. ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಸಸ್ಯಜನ್ಯ ಎಣ್ಣೆಗಳು ಕಾಲಕ್ರಮೇಣ ಅಂಟಾಗಿ ಬೋಲ್ಟ್ ಮತ್ತು ಮೊಳೆಯ ಚಲನೆಯನ್ನು ತಡೆಯುತ್ತವೆ. ಹಾರಿಸುವ ಮುನ್ನ ನಳಿಕೆಯೊಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಕಣಜ ಕಟ್ಟಿದ ಮಣ್ಣಿನ ಗೂಡು ಇದೆಯೇ ಎಂದೂ ನೋಡಿರಿ. ತೋಟಾಗಳನ್ನು ಅಡುಗೆಮನೆಯ ಬಿಸಿಯಿಂದಲೂ ಗೊಬ್ಬರ, ಕೀಟನಾಶಕಗಳಿಂದಲೂ ದೂರವಿಡಿರಿ. ಹಸಿರುಗಟ್ಟಿದ, ಜಜ್ಜಿದ ತೋಟಾ ಬಳಸಬಾರದು. ಅವನ್ನು ಮಣ್ಣಿನಲ್ಲಿ ಹೂಳದೆ, ಬೆಂಕಿಗೆ ಹಾಕದೆ ವ್ಯಾಪಾರಿಗೆ ಅಥವಾ ಠಾಣೆಗೆ ಒಪ್ಪಿಸಿರಿ.

ವಾರಸಾಗಿ ಬಂದ ಕೋವಿ, ಚುನಾವಣಾ ಅವಧಿ

ಪರವಾನಗಿದಾರರು ಮೃತರಾದಾಗ ಅವರ ಕೋವಿ ಮನೆಯವರಿಗೆ ತಾನಾಗಿ ಸೇರುವುದಿಲ್ಲ. ಅಜ್ಜನ ಕಾಲದ ರೈಫಲ್ ಎಂದು ಅಟ್ಟದಲ್ಲಿ ಇಟ್ಟುಕೊಂಡರೂ ಅದು ಪರವಾನಗಿ ಇಲ್ಲದ ಆಯುಧವೇ. ಕಾಯ್ದೆಯ 21ನೇ ಕಲಂ ಪ್ರಕಾರ ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ನಂತರ ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆ ಪತ್ರದೊಂದಿಗೆ ತಮ್ಮ ಹೆಸರಿನಲ್ಲಿ ಪರವಾನಗಿ ಕೋರಬಹುದು.

ಚುನಾವಣೆಯ ಸಮಯದಲ್ಲಿ ಜಿಲ್ಲಾಡಳಿತದ ಆದೇಶದಂತೆ ಆಯುಧ ಠೇವಣಿ ಇಡಬೇಕಾದಲ್ಲಿ ರಸೀದಿಯಲ್ಲಿ ಕ್ರಮಸಂಖ್ಯೆ ಮತ್ತು ತೋಟಾಗಳ ಸಂಖ್ಯೆ ನಮೂದಾಗಿರುವುದನ್ನು ನೋಡಿಕೊಳ್ಳಿರಿ. ಬೆಳೆ ರಕ್ಷಣೆಗೆ ಕೋವಿ ಅನಿವಾರ್ಯವಾದಲ್ಲಿ ಪರಿಶೀಲನಾ ಸಮಿತಿಗೆ ಮುಂಚಿತವಾಗಿ ಲಿಖಿತ ಮನವಿ ಸಲ್ಲಿಸಬಹುದು. ಪ್ರಯಾಣದಲ್ಲಿ ರೈಫಲ್ ಖಾಲಿಯಾಗಿ, ಚೀಲದೊಳಗೆ, ಪರವಾನಗಿಯ ಮೂಲ ಪ್ರತಿಯೊಂದಿಗೆ ಇರಲಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ರೈತರು ವನ್ಯಪ್ರಾಣಿಗಳ ಹಾವಳಿಯ ಬಗ್ಗೆ ಬಂದೂಕಿನ ಸಲಹೆ ಕೇಳಿದಾಗ ಈ ಕ್ರಮವನ್ನು ಅನುಸರಿಸಬಹುದು: ಮೊದಲು ಹಾನಿ ಮಾಡುತ್ತಿರುವ ಪ್ರಾಣಿ ಯಾವುದೆಂದು ಹೆಜ್ಜೆ, ಹಿಕ್ಕೆ, ಬೆಳೆ ತಿಂದ ಬಗೆಯಿಂದ ಗುರುತಿಸಿರಿ. ಎರಡನೆಯದಾಗಿ, ಹಾನಿಯನ್ನು ದಾಖಲಿಸಿ ಪರಿಹಾರದ ಅರ್ಜಿಗೆ ನೆರವಾಗಿರಿ. ಮೂರನೆಯದಾಗಿ, ಬೇಲಿ ಮತ್ತು ಸಾಮೂಹಿಕ ಕಾವಲಿನ ಸಾಧ್ಯತೆ ಪರಿಶೀಲಿಸಿರಿ. ಇಷ್ಟಾದ ಮೇಲೆಯೂ ಕೋವಿಯ ಅಗತ್ಯವೆನಿಸಿದಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಮಾರ್ಗವನ್ನು ತಿಳಿಸಿರಿ. .22 ರೈಫಲನ್ನು ಬೆಳೆ ರಕ್ಷಣೆಯ ಸಾಧನವಾಗಿ ಯಾರಿಗೂ ಸೂಚಿಸಬಾರದು. ಗ್ರಾಮಸಭೆಗಳಲ್ಲಿ ಒಂದೂವರೆ ಕಿಲೋಮೀಟರ್ ಎಂಬ ಅಂಕಿಯನ್ನು ಊರಿನ ನಕ್ಷೆಯ ಮೇಲೆ ವೃತ್ತ ಎಳೆದು ತೋರಿಸಿರಿ. ಶಾಲೆ, ಅಂಗನವಾಡಿ, ನೆರೆಯ ತೋಟಗಳು ಆ ವೃತ್ತದೊಳಗೆ ಬರುವುದನ್ನು ಕಂಡಾಗ ವಿಷಯ ತಾನಾಗಿ ಮನದಟ್ಟಾಗುತ್ತದೆ.

ಸಾರಾಂಶ

- .22 ರೈಫಲ್ ಗುರಿ ಅಭ್ಯಾಸದ ಆಯುಧ. ಬೆಳೆ ರಕ್ಷಣೆಗೆ ಶಕ್ತಿಯಲ್ಲಿಯೂ ಕಾನೂನಿನಲ್ಲಿಯೂ ಅನುಚಿತ.
- ಗುಂಡು ಸುಮಾರು ಒಂದೂವರೆ ಕಿಲೋಮೀಟರ್ ಸಾಗಬಲ್ಲದು. ಮೇಲ್ಮುಖವಾಗಿ, ಕಲ್ಲು-ನೀರಿನತ್ತ ಹಾರಿಸಬಾರದು.
- ಕೋವಿಯ ಪರವಾನಗಿ ಬೇರೆ, ವನ್ಯಪ್ರಾಣಿಯ ಮೇಲೆ ಹಾರಿಸುವ ಅನುಮತಿ ಬೇರೆ. ಎರಡೂ ಲಿಖಿತವಾಗಿರಬೇಕು.
- ರೈಫಲ್ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ.
- ಕ್ರೀಡೆಯಾಗಿ ಕಲಿಯಬಯಸುವವರು ಮಾನ್ಯತೆ ಪಡೆದ ಕ್ಲಬ್ಬಿನ ಮೂಲಕವೇ ಆರಂಭಿಸಬೇಕು.

ಕಾಯ್ದೆ ಮತ್ತು ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಜಿಲ್ಲಾಧಿಕಾರಿಗಳ ಕಚೇರಿಯ ಶಸ್ತ್ರಾಸ್ತ್ರ ಶಾಖೆಯಲ್ಲಿ ಪ್ರಚಲಿತ ವಿಧಾನವನ್ನು ವಿಚಾರಿಸಿಕೊಳ್ಳಿರಿ. ವನ್ಯಪ್ರಾಣಿಗಳಿಂದ ಬೆಳೆ ರಕ್ಷಿಸುವ ಸುರಕ್ಷಿತ ವಿಧಾನಗಳ ಕುರಿತು ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.